ಹೂಂ, ಆಮೇಲೆ?

ಟಾಂಪೆರೆಯ ವಿಮಾ ಕಚೇರಿಯಲ್ಲಿ ನಾಲ್ಕನೇ ಮಹಡಿ ನಮ್ಮದು,
ಕ್ಲೇಮುಗಳನ್ನು ತಿರಸ್ಕರಿಸುವ ವಿಭಾಗ.
ಬಾಗಿಲ ಮೇಲೆ ಹಾಗೆ ಬರೆದಿಲ್ಲ,
'ಮರುಪರಿಶೀಲನೆ' ಎಂದಿದೆ.
ಇಪ್ಪತ್ತಾರು ವರ್ಷದಿಂದ ನನ್ನ ಪತ್ರಗಳ ಮೊದಲ ಪದ
'ವಿಷಾದದಿಂದ'.
ಯಾರ ವಿಷಾದವೆಂದು ಯಾರೂ ಮರುಪತ್ರ ಬರೆದು ಕೇಳಿಲ್ಲ.

ನಮ್ಮ ಭಾಷೆಯಲ್ಲಿ ನಿರಾಕರಣೆಗೂ ಆಳಿಗೊಂದು ರೂಪ:
ಒಲ್ಲೆನು ನಾನು, ಒಲ್ಲೆ ನೀನು, ಒಲ್ಲನು ಅವನು,
ಒಲ್ಲೆವು, ಒಲ್ಲಿರಿ, ಒಲ್ಲರು.
ಅಳತೆ ಕೊಟ್ಟು ಹೊಲಿಸಿದ ಕೋಟುಗಳು.
ಹೌದು ಎನ್ನುವುದು ಮಾತ್ರ
ಯಾರು ಬೇಕಾದರೂ ಹೊದೆಯುವ ಒಂದೇ ಕಂಬಳಿ,
ಅದಕ್ಕೇ ಇರಬೇಕು, ಮಡಚಿಟ್ಟದ್ದು ಮಡಚಿದಂತೆಯೇ ಇದೆ.

ಫೆಬ್ರವರಿಯ ಒಂದು ಗುರುವಾರ ಆತೋಸ್ ಬಂದ.
ನಾಟಕದ ಹುಡುಗ,
ಒಂದು ಕಾಲುಚೀಲ ಹಸಿರು, ಇನ್ನೊಂದು ಹಳದಿ.
ಮೇಜುಗಳನ್ನು ಗೋಡೆಗೆ ತಳ್ಳಿಸಿ, ಬೂಟು ಕಳಚಿಸಿ,
ನಮ್ಮನ್ನು ದುಂಡಗೆ ನಿಲ್ಲಿಸಿದ.
"ಕತೆಗೆ ಕಾಲಿಲ್ಲ. ಹೂಂಗುಟ್ಟುವವರ ಕಾಲೇ ಅದಕ್ಕೆ ಕಾಲು.
ಎದುರಿನವರು ಏನೇ ಹೇಳಲಿ, ಹೂಂ ಅನ್ನಿ.
ಅಷ್ಟೇ ಸಾಲದು, ನಿಮ್ಮದೂ ಒಂದು ಹಿಡಿ ಹಾಕಿ."
ಮ್ಯಾನೇಜರ್ ಹನ್ನೆಲೆ ಕೈಕಟ್ಟಿ ಕೇಳಿದಳು:
"ಗರಿಷ್ಠ ಮಿತಿ ಎಷ್ಟು?"

ಕಾಣದ್ದೊಂದನ್ನು ಅವನು ವೇಯ್ಕೊನ ಕೈಗಿತ್ತ.
ವೇಯ್ಕೊ! ಹನ್ನೊಂದು ವರ್ಷ ಒಂದೇ ಲಿಫ್ಟಿನಲ್ಲಿ
ಚಳಿಯ ಡಿಗ್ರಿ ಬಿಟ್ಟು ಬೇರೇನೂ ಆಡದವನು.
ಬೊಗಸೆ ಭಾರಕ್ಕೆ ತುಸು ತಗ್ಗಿತು.
"ಬಿಸಿಯಾಗಿದೆ" ಅಂದ.
"ಹೂಂ, ಬಿಸಿ, ಮತ್ತೆ ಉಸಿರಾಡ್ತಿದೆ" ಅಂದಳು ಸೈಮಿ.
"ಹೂಂ, ಉಸಿರಾಡ್ತಿದೆ, ನನ್ನ ತೋಳನ್ನೂ ಕಚ್ತು" ಅಂದ ಓಸ್ಮೊ.
ನನ್ನ ಸರದಿ.
ಬಾಯಿ ತಾನಾಗಿ ತೆರೆಯಿತು:
"ದಾಖಲೆ ಎಲ್ಲಿ?"

ಎಲ್ಲರೂ ನಕ್ಕರು. ಕಿವಿ ಕೆಂಪಾಯಿತು.
ವೇಯ್ಕೊ ನಗಲಿಲ್ಲ.
"ದಾಖಲೆಯನ್ನು ಅದೇ ತಿಂದುಬಿಟ್ಟಿದೆ.
ಅದಕ್ಕೇ ಇಷ್ಟು ಬಿಸಿ."
ಬೀಳುವವಳ ಮೊಣಕೈ ಹಿಡಿದ ಹಾಗೆ ಇತ್ತು ಆ ಮಾತು.
ಹೂಂ, ಅಂದೆ.
ಕೊನೆಗೆ ಅದು ಹನ್ನೆಲೆಯ ಕೈ ಸೇರಿತು.
ಬಹಳ ಹೊತ್ತು ನೋಡುತ್ತ ನಿಂತು,
"ರಾತ್ರಿ ಇದನ್ನು ಯಾರಾದರೂ ಮನೆಗೆ ಒಯ್ಯಬೇಕಲ್ಲ" ಅಂದಳು.

ಸಂಜೆ ಪರಿಚಯ ಕೂಟ. ಎದೆಗೆ ಹೆಸರು, ಕೈಗೆ ಸಾಲ್ಮನ್ ಬ್ರೆಡ್ಡು.
ಇಂಥಲ್ಲಿ ನನ್ನ ಜಾಗ ಕೋಟು ನೇತುಹಾಕುವ ಗೂಟದ ಪಕ್ಕ.
ಒಬ್ಬ ಬಂದು ಹೇಳಿದ:
"ಚಾವಣಿ ಮೇಲೆ ಬೀಳುವ ಹಿಮದ ಭಾರ ಲೆಕ್ಕ ಹಾಕ್ತೇನೆ."
ಕಾರ್ಡು ಕೊಟ್ಟು ಜಾರಿಕೊಳ್ಳುವ ಹೊತ್ತು ಅದು.
"ಹೂಂ, ಆಮೇಲೆ?"
ಆಮೇಲೆ ಅವನು ಬ್ರೆಡ್ಡು ಕೆಳಗಿಟ್ಟ.
ಕಂಗಸಲಾದ ಒಂದು ಕೊಟ್ಟಿಗೆ, ತಡೆಯುತ್ತದೆ ಎಂದು ಬರೆದುಕೊಟ್ಟಿದ್ದನಂತೆ.
ಎರಡು ಕುದುರೆ.
ಕಾರ್ಡು ಕೊಡುವುದು ಇಬ್ಬರಿಗೂ ಮರೆತೇ ಹೋಯಿತು.

ಸೋಮವಾರದ ಕಡತ: ಮಿರ್ಯಾ ಹೊಂಕಾಸಲೊ, ಹಡಗಿನ ಅಡುಗೆಯವಳು.
ಸೌನಾ ಸುಟ್ಟುಹೋಗಿದೆ. ಹೊಗೆಗೂಡು ಗುಡಿಸದೆ ನಾಲ್ಕು ವರ್ಷ.
ಏಳನೇ ನಿಯಮ. ಸಂದಿಲ್ಲ, ಗೊಂದಿಲ್ಲ. ಒಲ್ಲೆನು.
ಫೋನಿನಲ್ಲಿ 'ವಿಷಾ' ಎಂಬಷ್ಟರಲ್ಲಿ ನಾಲಗೆ ನಿಂತಿತು.
"ಹೇಗಿತ್ತು, ನಿಮ್ಮ ಸೌನಾ?"
ಆ ಕಡೆ ಯಾರೋ ಕುರ್ಚಿ ಎಳೆದುಕೊಂಡ ಸದ್ದು.
"ಮೂರು ಹಂತದ ಹಲಗೆ.
ಮೇಲಿನದರ ಮೇಲೇ ನಮ್ಮಕ್ಕ ಹುಟ್ಟಿದ್ದು."
ಹೂಂ, ಆಮೇಲೆ?
ನಲವತ್ತು ನಿಮಿಷ.
ಆ ನಲವತ್ತು ನಿಮಿಷಕ್ಕೆ ನಮ್ಮ ತಂತ್ರಾಂಶದಲ್ಲಿ ಕಾಲಮ್ಮಿಲ್ಲ.

ಮಂಗಳವಾರ ಪತ್ರ ಹೋಯಿತು. ಮೊದಲ ಪದ ಅದೇ.
ಹಣ ಹೋಗಲಿಲ್ಲ.
ತರಬೇತಿ ಫಲಿಸಿತೇ ಎಂಬ ನಮೂನೆಯಲ್ಲಿ
ಒಂದರಿಂದ ಐದರವರೆಗೆ ಗುರುತು ಹಾಕಬೇಕಿತ್ತು.
ಹಾಕಿದೆ, ಎಷ್ಟೆಂದು ನೆನಪಿಲ್ಲ.

ಸಂಜೆ ಲಿಫ್ಟಿನೊಳಗೆ ವೇಯ್ಕೊ,
ಎರಡೂ ತೋಳಲ್ಲಿ ಏನನ್ನೋ ಎತ್ತಿಕೊಂಡವನಂತೆ.
"ದೊಡ್ಡದಾಗ್ತಿದೆ" ಅಂದ.
ನಾನು ಗೋಡೆಗೆ ಒತ್ತಿಕೊಂಡು
ಅದಕ್ಕೆ ಜಾಗ ಬಿಟ್ಟು ನಿಂತೆ.